ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ

ಮಾನ್ಯರೇ,

ಮಡಿಕೇರಿಯ ಒಂದು ಲಾಡ್ಜಿನಲ್ಲಿ 11 ವರ್ಷದಿಂದ ರೂಮು ಕ್ಲೀನ್ ಮಾಡುತ್ತಿದ್ದೇನೆ. ಮಳೆ ನೋಡಲು ಬರುವ ಅತಿಥಿಗಳಿಗೆ ರೂಮು ತೋರಿಸುವಾಗ ಎರಡು ಮಾತು ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಫೋನ್ ನೋಡುತ್ತಲೇ ತಲೆಯಾಡಿಸುತ್ತಾರೆ.

ಮೊದಲನೆಯದು ಕೆಟಲ್. ಅದು ನೀರು ಕಾಯಿಸಲು ಮಾತ್ರ. ಕಳೆದ ವಾರ ಒಂದು ರೂಮಿನಲ್ಲಿ ಮಗುವಿಗೆಂದು ಹಾಲು ಕಾಯಿಸಿದ್ದರು. ತಳ ಕಪ್ಪಗೆ ಸೀದುಹೋಗಿತ್ತು. ನಿಂಬೆಹಣ್ಣು ಹಿಂಡಿ ಮೂರು ಸಲ ನೀರು ಕುದಿಸಿದರೂ ವಾಸನೆ ಹೋಗಲಿಲ್ಲ. ಒಂದು ಫೋನ್ ಮಾಡಿದ್ದರೆ ಬಿಸಿ ಹಾಲು ನಾನೇ ತಂದುಕೊಡುತ್ತಿದ್ದೆ, ಅಲ್ವಾ? ಹಿಂದೊಮ್ಮೆ ಮ್ಯಾಗಿ, ಇನ್ನೊಮ್ಮೆ ಮೊಟ್ಟೆ. ಆಮೇಲೆ ಬಂದವರು ಅದರಲ್ಲೇ ಟೀ ಮಾಡಿಕೊಳ್ಳಬೇಕು.

ಇನ್ನು ಒದ್ದೆ ಟವೆಲ್. ಜುಲೈನಲ್ಲಿ ಇಲ್ಲಿ ಕರ್ಚೀಫು ಒಣಗಲೂ ಎರಡು ದಿನ ಬೇಕು. ಟವೆಲನ್ನು ಹಾಸಿಗೆ ಮೇಲೆ ಎಸೆದು ಅಬ್ಬಿ ಜಲಪಾತಕ್ಕೆ ಹೋದರೆ, ಸಂಜೆಯೊಳಗೆ ತೇವ ಒಳಗಿಳಿದಿರುತ್ತದೆ. ಹಾಸಿಗೆಯನ್ನು ಒಗೆಯಲು ಆಗುವುದಿಲ್ಲ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲೆಲ್ಲಿ? ಬೂಷ್ಟು ಹಿಡಿಯುತ್ತದೆ. ‘ರೂಮು ಮುಗ್ಗಲು ವಾಸನೆ’ ಅಂತ ದೂರು ಬರುವುದು ಮಾತ್ರ ನಮ್ಮ ಮೇಲೆ. ಮಂಜು ಒಳಗೆ ಬರಲಿ ಅಂತ ಕಿಟಕಿ ತೆರೆದು ಮಲಗುವವರದ್ದೂ ಇದೇ ಕಥೆ.

ಹಾಂ, ಕೆಸರಿನ ಶೂ ಒರೆಸಲು ದಯವಿಟ್ಟು ಬಿಳಿ ಟವೆಲ್ ಬೇಡ. ಇಲ್ಲಿನ ಕೆಂಪು ಮಣ್ಣಿನ ಕಲೆ ಬ್ಲೀಚಿಗೂ ಜಗ್ಗುವುದಿಲ್ಲ. ಹಳೇ ಬಟ್ಟೆ ಕೇಳಿ. ಕೌಂಟರಿನ ಕೆಳಗೆ ಒಂದು ಚೀಲ ತುಂಬ ಇಟ್ಟಿದ್ದೇವೆ.

– ಲಾಡ್ಜ್ ನೌಕರ, ಮಡಿಕೇರಿ