ಅನಿಲ ಕೊಳವೆ: ತಪಾಸಣಾ ವರದಿ ಊರಿನವರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಹಲವು ಬಡಾವಣೆಗಳಲ್ಲಿ ಅಡುಗೆಮನೆಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಪೂರೈಸುವ ಕೆಲಸ ನಡೆದಿದೆ. ಸಿಲಿಂಡರ್‌ಗೆ ಕಾಯುವ ಗೋಜು ತಪ್ಪಿಸುವ ಈ ಯೋಜನೆಗೆ ನನ್ನ ತಕರಾರಿಲ್ಲ. ರಸ್ತೆ ಅಗೆದದ್ದರ ಬಗ್ಗೆ ಆಗಬೇಕಾದ ಜಗಳವೂ ಆಗಿಹೋಗಿದೆ. ಆದರೆ ಮಣ್ಣು ಮುಚ್ಚಿದ ಮೇಲೆ ಆ ಕೊಳವೆಯನ್ನು ಯಾರು, ಯಾವಾಗ ಪರೀಕ್ಷಿಸುತ್ತಾರೆ ಎಂದು ಕೇಳಿದವರು ಕಡಿಮೆ.

ನಿಯಮಗಳಿಗೇನೂ ಕೊರತೆಯಿಲ್ಲ. 2006ರ ಕಾಯ್ದೆಯಡಿ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು ನಗರ ಅನಿಲ ಜಾಲಗಳಿಗೆ 2008ರಲ್ಲೇ ಸುರಕ್ಷತಾ ಮಾನದಂಡಗಳನ್ನು ರೂಪಿಸಿದ್ದು, ಕೊಳವೆ ಹೂಳಬೇಕಾದ ಆಳ, ಅದರ ಮೇಲೆ ಹಾಸಬೇಕಾದ ಎಚ್ಚರಿಕೆ ಪಟ್ಟಿ, ಉಕ್ಕಿನ ಕೊಳವೆಗೆ ತುಕ್ಕಿನಿಂದ ರಕ್ಷಣೆ, ಸೋರಿಕೆ ಮೂಗಿಗೆ ತಿಳಿಯುವಂತೆ ಬೆರೆಸಬೇಕಾದ ವಾಸನೆ ಎಲ್ಲವೂ ಅದರಲ್ಲಿವೆ. ಮಂಡಳಿ ಇರುವುದು ದೆಹಲಿಯಲ್ಲಿ, ಜೆಸಿಬಿ ಓಡಾಡುವುದು ನಮ್ಮ ವಾರ್ಡಿನಲ್ಲಿ. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಕೇಬಲ್‌ನವರು ಅಗೆದಾಗ ಆ ಎಚ್ಚರಿಕೆ ಪಟ್ಟಿ ಹರಿದು ಮಣ್ಣಗುಡ್ಡೆಯ ಮೇಲೆ ಬಿದ್ದಿತ್ತು. ಗುಂಡಿ ಮುಚ್ಚುವಾಗ ಅದನ್ನು ಯಾರೂ ಮತ್ತೆ ಹಾಸಲಿಲ್ಲ. ತಿರುವಿನ ಗುರುತುಕಂಬದ ಮೇಲಿನ ತುರ್ತು ದೂರವಾಣಿ ಸಂಖ್ಯೆ ‘ಮನೆ ಬಾಡಿಗೆಗಿದೆ’ ಎಂಬ ಚೀಟಿಯಡಿ ಮುಚ್ಚಿಹೋಗಿದೆ.

2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಅನಿಲ ಕೊಳವೆ ಸ್ಫೋಟಿಸಿ ಹಲವರು ಸತ್ತರು. ಅದು ಹೆಚ್ಚು ಒತ್ತಡದ ಸಾಗಣೆ ಕೊಳವೆಯಾದ್ದರಿಂದ ಮನೆಮನೆಯ ಕೊಳವೆಗೆ ಹೋಲಿಸಿ ಗಾಬರಿ ಹುಟ್ಟಿಸುವುದು ತರವಲ್ಲ. ಆದರೂ, ಒಣ ಅನಿಲಕ್ಕೆಂದು ಹಾಕಿದ್ದ ಕೊಳವೆಯಲ್ಲಿ ನೀರಿನಂಶವಿದ್ದ ಅನಿಲ ಹರಿದು ಒಳಗೊಳಗೇ ತುಕ್ಕು ಹಿಡಿದಿತ್ತು ಎಂಬುದು ಗಮನಾರ್ಹ. ಕಣ್ಣಿಗೆ ಕಾಣದ ಇಂಥ ದೋಷವನ್ನು ಹಿಡಿಯುವುದಕ್ಕೇ ತಪಾಸಣೆ ಇರುವುದು.

ಅಗೆಯುವವರು ಮುಂಚಿತವಾಗಿ ತಿಳಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅದರಲ್ಲಿ ಮಾಹಿತಿ ದಾಖಲಾಗದೆ, ಅನಿಲ ಕಂಪನಿಯ ಸಿಬ್ಬಂದಿ ಸ್ಥಳಕ್ಕೆ ಬಂದು ಕೊಳವೆಯ ಜಾಡು ಗುರುತಿಸದೆ ಮಹಾನಗರ ಪಾಲಿಕೆ ಯಾರಿಗೂ ರಸ್ತೆ ಅಗೆಯಲು ಅನುಮತಿ ಕೊಡಬಾರದು. ಹಾಗೆಯೇ ಪ್ರತಿ ಬಡಾವಣೆಯ ತಪಾಸಣೆ ನಡೆದ ದಿನಾಂಕ, ಕಂಡ ದೋಷ, ಸರಿಪಡಿಸಿದ ವಿವರ ಕನ್ನಡದಲ್ಲಿ ಪಾಲಿಕೆಯ ವಲಯ ಕಚೇರಿಗಳಲ್ಲಿ ಲಭ್ಯವಾಗುವಂತೆ ಜಿಲ್ಲಾಧಿಕಾರಿಗಳು ಕಂಪನಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ನಿವಾಸಿ, ಕುವೆಂಪುನಗರ, ಮೈಸೂರು