ಬಂದು ನಿಂತುಹೋಗುವ ದುಡ್ಡಿನಿಂದ ಹುಡುಗರ ಜೀವ ಉಳಿಯದು

ಮಾನ್ಯ ಸಂಪಾದಕರೇ,

ಅಮೆರಿಕದ ಯಾವುದಾದರೂ ಶಾಲೆಯಲ್ಲಿ ಗುಂಡಿನ ದಾಳಿ ನಡೆದರೆ ನಿಮ್ಮ ಪತ್ರಿಕೆಯಲ್ಲಿ ಮರುದಿನವೇ ಸುದ್ದಿ ಬರುತ್ತದೆ. ಅದು ಬರಲೇಬೇಕು. ಆದರೆ ಇಲ್ಲಿ ಅಮೆರಿಕದಲ್ಲಿ ಕೊಲೆಯಾಗುವ ಹುಡುಗರಲ್ಲಿ ಹೆಚ್ಚಿನವರು ಸಾಯುವುದು ಅಂಥ ದಾಳಿಗಳಲ್ಲಲ್ಲ. ಮನೆ ಹತ್ತಿರದ ಪೆಟ್ರೋಲ್ ಬಂಕಿನ ಮುಂದೆ, ಬಸ್ ಸ್ಟಾಪಿನಲ್ಲಿ, ಫೋನಿನಲ್ಲಿ ಶುರುವಾದ ಬೈದಾಟ ಬೀದಿಗೆ ಬಂದಾಗ ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊಲೆ, ಆತ್ಮಹತ್ಯೆ, ಆಕಸ್ಮಿಕ ಎಲ್ಲ ಸೇರಿಸಿದರೆ, 2020ರಲ್ಲಿ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಬಂದೂಕು ರಸ್ತೆ ಅಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಇದನ್ನು ತಡೆಯುವ ಕೆಲಸ ಮಾಡುವವರಿದ್ದಾರೆ. ಅವರಿಗೆ ಸರ್ಕಾರ ಕೊಡುವ ಹಣದ ಬಗ್ಗೆ ಈ ಪತ್ರ.

ನನ್ನ ಊರು ಕುಂದಾಪುರ. ಷಿಕಾಗೊದ ದಕ್ಷಿಣ ಭಾಗದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಗುಂಡು ತಗಲಿದ ಹುಡುಗನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದ ಮೇಲೆ ಹೊರಗೆ ಅವನ ಅಣ್ಣತಮ್ಮಂದಿರು, ಗೆಳೆಯರು ಸೇರುತ್ತಾರೆ. ಅಳುವವರು ಕಡಿಮೆ. ಎಲ್ಲರ ಕಣ್ಣೂ ಫೋನಿನ ಮೇಲೆ. ಹೊಡೆದವರ ಕಡೆಯವರು ಅಷ್ಟರಲ್ಲೇ ಹಂಗಿಸಿ ಏನಾದರೂ ಹಾಕಿರುತ್ತಾರೆ. ಸೇಡಿನ ಮಾತು ಶುರುವಾಗುವುದು ಅಲ್ಲೇ. ಆ ಹೊತ್ತಿಗೆ ಬಂದು ಅವರ ಪಕ್ಕ ಕೂರುವವನು ಪೊಲೀಸನಲ್ಲ, ಡಾಕ್ಟರೂ ಅಲ್ಲ. ಅದೇ ಬೀದಿಗಳಲ್ಲಿ ಬೆಳೆದು, ಗ್ಯಾಂಗಿನಲ್ಲಿದ್ದು, ಜೈಲು ಕಂಡು ಬಂದ ನಡುವಯಸ್ಸಿನವನು. ಮೊದಲು ಕೇಳುವುದು 'ಊಟ ಆಯ್ತಾ' ಅಂತ. ಹುಡುಗರ ಬಾಯಿಂದ ಒಂದೊಂದೇ ಮಾತು ಹೊರಡಿಸುತ್ತಾನೆ. ಆಮೇಲೆ ಹೊರಗೆ ಹೋಗಿ ಎದುರು ಗುಂಪಿನಲ್ಲಿ ತನ್ನ ಮಾತು ಕೇಳುವ ಯಾರಿಗೋ ಫೋನ್ ಮಾಡುತ್ತಾನೆ. ಆ ರಾತ್ರಿ ಇನ್ನೊಂದು ಗುಂಡು ಹಾರದಿದ್ದರೆ ಅವನ ಕೆಲಸ ಆಯಿತು. ಹಾರದ ಗುಂಡಿಗೆ ಎಫ್‌ಐಆರ್ ಇಲ್ಲ, ಸುದ್ದಿಯಿಲ್ಲ. ಅದಕ್ಕೇ ಬಜೆಟ್ ಕತ್ತರಿಸುವಾಗ ಕೈ ಮೊದಲು ಅವನ ಸಂಬಳದ ಮೇಲೆ ಹೋಗುತ್ತದೆ.

ಈ ಪದ್ಧತಿಗೆ ಇಲ್ಲಿ ರೂಪ ಕೊಟ್ಟವರು ಗ್ಯಾರಿ ಸ್ಲಟ್‌ಕಿನ್ ಎಂಬ ಸಾಂಕ್ರಾಮಿಕ ರೋಗ ತಜ್ಞರು. ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ವಿರುದ್ಧ ಕೆಲಸ ಮಾಡಿ ಬಂದವರು. ಗುಂಡೇಟೂ ಒಬ್ಬನಿಂದ ಇನ್ನೊಬ್ಬನಿಗೆ ಹರಡುತ್ತದೆ, ಹರಡುವ ಜಾಗದಲ್ಲೇ ತಡೆಯಬೇಕು ಎಂದುಕೊಂಡು 2000ದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ 'ಸೀಸ್‌ಫೈರ್' (ಕದನವಿರಾಮ) ಎಂಬ ಕಾರ್ಯಕ್ರಮ ಆರಂಭಿಸಿದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ: ಅದೇ ಊರಿನವಳು, ಬಾಗಿಲು ತಟ್ಟಿದರೆ ತೆಗೆಯುತ್ತಾರೆ. ಗೌರವಧನಕ್ಕಾಗಿ ಅವರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಗಿ ಬಂದದ್ದೂ ನಿಮ್ಮ ಓದುಗರಿಗೆ ಗೊತ್ತು.

ಸೀಸ್‌ಫೈರ್‌ಗೆ ಷಿಕಾಗೊ ಇರುವ ಇಲಿನಾಯ್ ರಾಜ್ಯದ ಹಣ 2007ರಲ್ಲಿ ಒಮ್ಮೆ ನಿಂತಿತು. 2015ರಲ್ಲಿ ಮತ್ತೆ ತಡೆಹಿಡಿದರು. ಹೆಚ್ಚಿನ ಕಡೆ ಕೆಲಸ ನಿಂತಿತು. 2016ರಲ್ಲಿ ನಗರದಲ್ಲಿ 750ಕ್ಕೂ ಹೆಚ್ಚು ಕೊಲೆಗಳಾದವು. ಇದೊಂದೇ ಕಾರಣ ಎಂದು ಹೇಳುವುದಿಲ್ಲ, ಆ ವರ್ಷ ಪೊಲೀಸರ ಮೇಲೆ ಜನ ಇಟ್ಟಿದ್ದ ನಂಬಿಕೆಯೂ ಪೂರ್ತಿ ಮುರಿದುಬಿದ್ದಿತ್ತು. ಆದರೆ ಕಾರ್ಯಕರ್ತರು ಎಂದಿಗಿಂತ ಹೆಚ್ಚು ಬೇಕಾಗಿದ್ದ ವರ್ಷ ಅವರಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದರು.

ಕೋವಿಡ್ ನಂತರ ಅಮೆರಿಕದ ಕೇಂದ್ರ ಸರ್ಕಾರದ ಪರಿಹಾರ ನಿಧಿಯಿಂದ ಒಂದಷ್ಟು ಹಣ ಬಂತು. 2022ರ ಜೂನ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಆದ ಕಾನೂನು ಇದೇ ಕೆಲಸಕ್ಕೆಂದು ಐದು ವರ್ಷಕ್ಕೆ 25 ಕೋಟಿ ಡಾಲರ್ ತೆಗೆದಿಟ್ಟಿತು. ಸಂಸ್ಥೆಗಳು ಜನರನ್ನು ನೇಮಿಸಿಕೊಂಡವು, ತರಬೇತಿ ಕೊಟ್ಟವು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ನ್ಯಾಯಾಂಗ ಇಲಾಖೆ 300ಕ್ಕೂ ಹೆಚ್ಚು ಅನುದಾನಗಳನ್ನು, ಒಟ್ಟು 80 ಕೋಟಿ ಡಾಲರ್‌ಗೂ ಮೀರಿದ್ದನ್ನು, ಅರ್ಧದಲ್ಲೇ ರದ್ದು ಮಾಡಿತು. ಬೀದಿ ಹಿಂಸೆ ತಡೆಯುವ ಕಾರ್ಯಕ್ರಮಗಳೂ ಅದರಲ್ಲಿ ಹೋದವು. ಇಲಾಖೆಯ ಆದ್ಯತೆಗೆ ಇವು ಹೊಂದುವುದಿಲ್ಲ ಎಂಬುದೇ ಕೊಟ್ಟ ಕಾರಣ. ನಮ್ಮಲ್ಲಿಗೆ ಬರುತ್ತಿದ್ದ ಇಬ್ಬರಲ್ಲಿ ಒಬ್ಬನ ಕೆಲಸ ಹೋಯಿತು. ಅವನ ನಂಬರು ಇನ್ನೂ ನಮ್ಮ ಹುಡುಗರ ಫೋನುಗಳಲ್ಲಿದೆ. ಸಂಬಳವಿಲ್ಲದೆಯೂ ಫೋನ್ ಎತ್ತುತ್ತಾನೆ. ಎಷ್ಟು ದಿನ ಎತ್ತಿಯಾನು? ಅವನಿಗೂ ಬಾಡಿಗೆ ಕಟ್ಟುವುದಿದೆ, ಮಕ್ಕಳಿದ್ದಾರೆ.

ಕ್ರಿಮಿನಲ್‌ಗಳಿಗೆ ಜನರ ತೆರಿಗೆಯಿಂದ ಸಂಬಳವೇ ಎಂದು ಷಿಕಾಗೊ ಹೊರವಲಯದ ನೇಪರ್‌ವಿಲ್, ಷಾಮ್‌ಬರ್ಗ್ ಕಡೆಯ ನಮ್ಮ ಕನ್ನಡದ ಸ್ನೇಹಿತರೇ ಕೇಳಿದ್ದಾರೆ. ಹದಿನೇಳರ ಹುಡುಗ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಕೂತಾಗ ನನ್ನ ಮಾತನ್ನಂತೂ ಕೇಳುವುದಿಲ್ಲ. ಯಾರ ಮಾತು ಕೇಳುತ್ತಾನೋ ಅವರನ್ನೇ ಕಳಿಸಬೇಕು. ಎಲ್ಲ ಕಡೆಯೂ ಒಂದೇ ಫಲ ಬಂದಿಲ್ಲ, ನಿಜ. ಇದೇ ಮಾದರಿ ಅನುಸರಿಸಿದ ಬಾಲ್ಟಿಮೋರ್ ನಗರದ ಕೆಲವು ಬಡಾವಣೆಗಳಲ್ಲಿ ಕೊಲೆ ಇಳಿದವು, ಕೆಲವು ಕಡೆ ಇಳಿಯಲಿಲ್ಲ. ಎಲ್ಲಿ, ಏಕೆ ಎಂದು ಅಳೆದು ನೋಡಲಿಕ್ಕೂ ಹಣ ನಿಲ್ಲದೆ ಬರುತ್ತಿರಬೇಕಲ್ಲವೇ?

ಹುಡುಗರ ಹಿಂಸೆ ತಡೆಯುವ ಬೇರೆ ಕೆಲಸಗಳನ್ನು ಅಳೆದು ನೋಡಿದ ಕಡೆ ಸಿಕ್ಕಿರುವ ಉತ್ತರಗಳು ಭರವಸೆ ಕೊಡುವಂಥವು. ಷಿಕಾಗೊದ ಶಾಲೆಗಳಲ್ಲಿ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮವಿದೆ. ಮೊದಲ ಪಾಠಗಳಲ್ಲೊಂದು ಹೀಗೆ: ಒಬ್ಬ ಹುಡುಗನ ಮುಷ್ಟಿಯೊಳಗೆ ಚೆಂಡು ಕೊಟ್ಟು, ಇನ್ನೊಬ್ಬನಿಗೆ ಮೂವತ್ತು ಸೆಕೆಂಡಿನಲ್ಲಿ ಅದನ್ನು ಪಡೆಯಲು ಹೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲರೂ ಬೆರಳು ತಿರುವಿ, ನೆಲಕ್ಕೆ ಕೆಡವಿ ಗುದ್ದಾಡುತ್ತಾರೆ. 'ಕೊಡ್ತೀಯಾ ಅಂತ ಕೇಳಲಿಲ್ಲವೇಕೆ' ಎಂದಾಗ 'ಕೇಳಿದರೆ ಅವನು ಕೊಡುತ್ತಿರಲಿಲ್ಲ' ಅನ್ನುತ್ತಾರೆ. ಚೆಂಡು ಹಿಡಿದಿದ್ದವನನ್ನು ಕೇಳಿದರೆ 'ಕೊಡುತ್ತಿದ್ದೆನೇನೋ, ಬರೀ ಒಂದು ಚೆಂಡು ತಾನೇ' ಅನ್ನುತ್ತಾನೆ. ಷಿಕಾಗೊ ವಿಶ್ವವಿದ್ಯಾಲಯದವರು ಲಾಟರಿ ಎತ್ತಿ ಕೆಲವರನ್ನು ಸೇರಿಸಿ, ಸೇರದವರ ಜೊತೆ ಹೋಲಿಸಿದಾಗ, ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ 45ರಿಂದ 50 ಶೇಕಡ ಕಡಿಮೆಯಾಗಿತ್ತು. ಬೇಸಿಗೆ ರಜೆಯಲ್ಲಿ ಎಂಟು ವಾರ ಕನಿಷ್ಠ ವೇತನದ ಕೆಲಸ ಕೊಟ್ಟು ನೋಡಿದ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲೂ ಅಂಥ ಬಂಧನಗಳು 16 ತಿಂಗಳಲ್ಲಿ 43 ಶೇಕಡ ಇಳಿದಿದ್ದವು. ಎಂಟೇ ವಾರದ ಕೆಲಸದಿಂದ.

ಮಂಡ್ಯದ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯರು) ಆಗಿದ್ದಾಗ, 2024ರ ಜೂನ್‌ನಲ್ಲಿ, ಬಂದೂಕಿನ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಘೋಷಿಸಿದರು. ಬಂದೂಕು ಆರೋಗ್ಯದ ವಿಷಯ ಎಂದು 2012ರಲ್ಲಿ ಟ್ವೀಟ್ ಮಾಡಿದ್ದಕ್ಕೇ ಅವರ ಮೊದಲ ನೇಮಕ ಒಂದು ವರ್ಷಕ್ಕೂ ಮೇಲೆ ತಡವಾಗಿತ್ತು. ಅವರ ಆ ಘೋಷಣೆಯನ್ನು 2025ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆಯ ವೆಬ್‌ಸೈಟಿನಿಂದ ತೆಗೆದುಹಾಕಿದರು. ಮೂರ್ತಿಯವರು ಆ ಹುದ್ದೆಗೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ನಿಮ್ಮ ಪತ್ರಿಕೆಯೂ ಬರೆಯಿತು. ಅವರು ಹೇಳಿದ ಮಾತಿಗೆ ಏನಾಯಿತು ಎಂಬುದನ್ನೂ ದಯವಿಟ್ಟು ಬರೆಯಿರಿ.

ಷಿಕಾಗೊದಲ್ಲಿ 2021ರಲ್ಲಿ 800ರ ಹತ್ತಿರ ಹೋಗಿದ್ದ ಕೊಲೆಗಳು 2024ರಲ್ಲಿ 600ಕ್ಕಿಂತ ಕೆಳಗೆ ಬಂದವು. ದೇಶದಾದ್ಯಂತ ಇಳಿದಿವೆ, ಶ್ರೇಯಸ್ಸು ಬಹಳ ಜನರದು. ಇಳಿದಿದೆಯಲ್ಲ, ಇನ್ನೇಕೆ ದುಡ್ಡು ಎನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಒಬ್ಬ ಹುಡುಗ ಒಬ್ಬ ಮನುಷ್ಯನನ್ನು ನಂಬಲು ವರ್ಷಗಳು ಹಿಡಿಯುತ್ತವೆ. ಆ ಮನುಷ್ಯನ ಹುದ್ದೆಗೆ ಅಗ್ನಿಶಾಮಕ ದಳದವರಿಗೆ ಇರುವಂತೆ ಕಾಯಂ ಸಂಬಳ, ವಿಮೆ, ಪಿಂಚಣಿ ಬೇಕು. ಅದು ನಗರದ ಮತ್ತು ರಾಜ್ಯದ ಬಜೆಟ್ಟಿನಲ್ಲೇ ಇರಬೇಕು, ಯಾರು ಗೆದ್ದರೂ ಸೋತರೂ ಇರಬೇಕು.

ಇಲ್ಲಿ ಮತವಿರುವ ಕನ್ನಡಿಗರಲ್ಲಿ, ಮಕ್ಕಳನ್ನು ಓದಲು ಕಳಿಸಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಚಿಂತೆ ಮಾಡುವ ತಂದೆತಾಯಿಗಳ ನೆಂಟರಿಷ್ಟರಲ್ಲಿ ನನ್ನ ಕೋರಿಕೆ ಇದು. ರಾಜ್ಯದ ಬಜೆಟ್ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೇ ಕೊನೆಯೊಳಗೆ ಲೆಕ್ಕ ತೀರ್ಮಾನವಾಗುತ್ತದೆ. ನಗರದ ಬಜೆಟ್ ಜನವರಿಯಿಂದ. ಅದಕ್ಕೆ ಮೊದಲೇ ನಿಮ್ಮ ಪ್ರತಿನಿಧಿಯ ಕಚೇರಿಗೆ ಒಂದು ಫೋನ್ ಮಾಡಿ, ಈ ಹುದ್ದೆಗಳನ್ನು ಕಾಯಂ ಮಾಡಿ ಎಂದು ಕೇಳಿ. ಫೋನ್ ಎತ್ತುವ ಸಿಬ್ಬಂದಿ ನಿಮ್ಮ ಪಿನ್‌ಕೋಡ್ ಕೇಳಿ ಬರೆದುಕೊಳ್ಳುತ್ತಾರೆ. ಷಾಮ್‌ಬರ್ಗಿನ ಪಿನ್‌ಕೋಡಿನಿಂದಲೂ ಈ ಬೇಡಿಕೆ ಹೋಗಲಿ.

ಇತಿ,
ಷಿಕಾಗೊದಲ್ಲಿರುವ ಕುಂದಾಪುರದ ನರ್ಸ್
(ಉದ್ಯೋಗದ ಕಾರಣದಿಂದ ಹೆಸರು ಪ್ರಕಟಿಸಬಾರದೆಂದು ಕೋರಿಕೆ)