ಟಿವಿಯ ಪರದೆ ಯಾವ ಬಗೆಯದೆಂದು ಬೆಲೆಚೀಟಿಯಲ್ಲೇ ಬರೆಯಲಿ

ಮಾನ್ಯ ಸಂಪಾದಕರೇ,

ಗೌರಿ ಗಣೇಶ ಹಬ್ಬದಿಂದ ದೀಪಾವಳಿಯವರೆಗೆ ಪತ್ರಿಕೆಗಳ ಪುಟ ತುಂಬುವ ಟಿವಿ ಜಾಹೀರಾತುಗಳಲ್ಲಿ ಇಂಚು ಇರುತ್ತದೆ, ರಿಯಾಯಿತಿ ಇರುತ್ತದೆ, ತಿಂಗಳ ಕಂತು ಎಷ್ಟೆಂಬುದೂ ಇರುತ್ತದೆ. ಆದರೆ ಆ ಪರದೆಗೆ ಬೆಳಕು ಎಲ್ಲಿಂದ ಬರುತ್ತದೆ ಎಂದು ತಿಳಿಸುವ ಒಂದೇ ಒಂದು ಸಾಲು ಇರುವುದಿಲ್ಲ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಒಎಲ್‌ಇಡಿ ಎಂಬ ಹೆಸರುಗಳು ಮಾತ್ರ ದಪ್ಪಕ್ಷರದಲ್ಲಿ ಇರುತ್ತವೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದ್ದು, ದೊಡ್ಡ ಪರದೆ ಸಾಮಾನ್ಯ ಮನೆಗಳಿಗೂ ಸ್ವಲ್ಪ ಹತ್ತಿರವಾಗಿದೆ. ಅಡಿಕೆ, ಕಾಫಿ ಮಾರಿದ ದುಡ್ಡಿನಲ್ಲೋ ಸಂಬಳದ ಉಳಿತಾಯದಲ್ಲೋ ಒಮ್ಮೆ ಟಿವಿ ಕೊಂಡರೆ ಎಂಟು ಹತ್ತು ವರ್ಷ ಅದನ್ನೇ ನೋಡುವ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುಟುಂಬಗಳು ಹೆಸರು ನೋಡಿ ಹಣ ಕೊಡುವಂತಾಗಬಾರದು ಎಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂದು ಮೂರು ಹೆಸರಿನಲ್ಲಿ, ಮೂರು ದರದಲ್ಲಿ ಮಾರಾಟವಾಗುವ ಟಿವಿಗಳು ಮೂಲದಲ್ಲಿ ಒಂದೇ ಜಾತಿಯವು, ಮೂರೂ ಎಲ್‌ಸಿಡಿಗಳೇ, ಅಂದರೆ ದ್ರವಸ್ಫಟಿಕದ (ಲಿಕ್ವಿಡ್ ಕ್ರಿಸ್ಟಲ್) ಪರದೆಗಳೇ. ಎಲ್‌ಸಿಡಿಯಲ್ಲಿರುವ ದ್ರವಸ್ಫಟಿಕ ತಾನಾಗಿ ಬೆಳಗುವುದಿಲ್ಲ. ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ, ಮುಂದಿನ ದ್ರವಸ್ಫಟಿಕದ ಪದರ ಆ ಬೆಳಕನ್ನು ಬೇಕಾದಷ್ಟು ಬಿಡುತ್ತದೆ ಅಥವಾ ತಡೆಯುತ್ತದೆ. ಮೊದಲು ಈ ಹಿಂಬೆಳಕಿಗೆ ಸಣ್ಣ ಟ್ಯೂಬ್‌ಲೈಟುಗಳನ್ನು ಬಳಸುತ್ತಿದ್ದರು. ಅವುಗಳ ಜಾಗಕ್ಕೆ ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಅದೇ ಎಲ್‌ಸಿಡಿಗೆ ಎಲ್‌ಇಡಿ ಟಿವಿ ಎಂಬ ಹೆಸರು ಬಂತು. ಬಾಗಿಲು ಎಷ್ಟೇ ಬಿಗಿಯಾಗಿ ಹಾಕಿದರೂ ಸಂದಿನಿಂದ ಬೆಳಕು ಇಣುಕುವಂತೆ, ಈ ಪರದೆಯಲ್ಲಿ ಕಪ್ಪು ಎಂದರೆ ಪೂರ್ತಿ ಕಪ್ಪಲ್ಲ, ಗಾಢ ಬೂದು. ರಾತ್ರಿ ಲೈಟು ಆರಿಸಿ ಕುಳಿತು ಕತ್ತಲಿನ ದೃಶ್ಯವಿರುವ ಸಿನಿಮಾ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಕ್ಯೂಎಲ್‌ಇಡಿಯಲ್ಲಿ ಈ ಹಿಂಬೆಳಕಿಗೂ ದ್ರವಸ್ಫಟಿಕಕ್ಕೂ ನಡುವೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಹಾಳೆ ಇರುತ್ತದೆ. ನೀಲಿ ಬೆಳಕು ಬಿದ್ದಾಗ ಈ ಕಣಗಳು ತಮ್ಮ ಗಾತ್ರಕ್ಕೆ ತಕ್ಕಂತೆ ಶುದ್ಧವಾದ ಕೆಂಪನ್ನೋ ಹಸಿರನ್ನೋ ಹೊರಸೂಸುತ್ತವೆ. ಈ ಕಣಗಳನ್ನು ಕಂಡುಹಿಡಿದು ತಯಾರಿಸುವ ದಾರಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2023ರ ರಸಾಯನವಿಜ್ಞಾನದ ನೊಬೆಲ್ ಬಂದಿದೆ. ವಿದ್ಯೆ ನಿಜವಾದದ್ದು, ಬಣ್ಣ ಸುಧಾರಿಸುವುದೂ ನಿಜ. ಆದರೆ ಬಣ್ಣ ಸುಧಾರಿಸಿತೆಂದು ಕಪ್ಪು ಸುಧಾರಿಸುವುದಿಲ್ಲ. ಕಪ್ಪು ಸುಧಾರಿಸಬೇಕಾದರೆ ಹಿಂಬೆಳಕನ್ನೇ ಭಾಗಭಾಗವಾಗಿ ಮಂದ ಮಾಡುವ ಏರ್ಪಾಡು ಬೇಕು, ಅಂಗಡಿಯವರು ಲೋಕಲ್ ಡಿಮ್ಮಿಂಗ್ ಎನ್ನುವುದು ಇದನ್ನೇ. ಬಲ್ಬುಗಳನ್ನು ಬಹಳ ಚಿಕ್ಕದು ಮಾಡಿ, ಸಾವಿರಾರು ಸಂಖ್ಯೆಯಲ್ಲಿ ಪರದೆಯ ಹಿಂದೆಲ್ಲ ಹರಡಿ, ಅವುಗಳನ್ನು ನೂರಾರು ಭಾಗಗಳಾಗಿ ನಿಯಂತ್ರಿಸಿದರೆ ಅದು ಮಿನಿ ಎಲ್‌ಇಡಿ. ಅಂಚಿನಲ್ಲಿ ಮಾತ್ರ ಬಲ್ಬಿಟ್ಟು, ಲೋಕಲ್ ಡಿಮ್ಮಿಂಗ್ ಇಲ್ಲದೆ, ಒಂದು ಹಾಳೆ ಸೇರಿಸಿದ ಮಾತ್ರಕ್ಕೆ ಕ್ಯೂಎಲ್‌ಇಡಿ ಎಂದು ಹತ್ತಾರು ಸಾವಿರ ಹೆಚ್ಚು ಕೇಳಿದರೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್‌ಸಿಡಿಯೊಳಗೇ ಇನ್ನೊಂದು ಭೇದವಿದ್ದು, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ವಿಎ ಬಗೆಯ ಪ್ಯಾನೆಲ್‌ನಲ್ಲಿ, ಅಂದರೆ ಪರದೆಯ ಫಲಕದಲ್ಲಿ, ಕಪ್ಪು ಚೆನ್ನಾಗಿರುತ್ತದೆ, ಬಿಳಿಯ ಪ್ರಕಾಶಕ್ಕೂ ಕಪ್ಪಿನ ಪ್ರಕಾಶಕ್ಕೂ ಇರುವ ಅಂತರ ಸಾಮಾನ್ಯವಾಗಿ ಮೂರು ಸಾವಿರ ಪಟ್ಟಿಗೂ ಮೇಲೆಯೇ ಇರುತ್ತದೆ. ಆದರೆ ಪಕ್ಕಕ್ಕೆ ಸರಿದು ನೋಡಿದರೆ ಬಣ್ಣ ಪೇಲವವಾಗುತ್ತದೆ. ಐಪಿಎಸ್ ಬಗೆಯದರಲ್ಲಿ ಆ ಅಂತರ ಸಾವಿರ ಪಟ್ಟಿನ ಆಸುಪಾಸು, ಕಪ್ಪು ತೆಳು. ಆದರೆ ಓರೆಯಿಂದ ನೋಡಿದವರಿಗೂ ಚಿತ್ರ ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಟಿವಿಯ ನೇರಕ್ಕೆ ಕೂರುವವರು ಒಬ್ಬಿಬ್ಬರು. ಉಳಿದವರು ಗೋಡೆಯುದ್ದಕ್ಕೆ ಹಾಕಿದ ಬೆಂಚಿನ ಮೇಲೆ, ಊಟದ ಮೇಜಿನ ಬಳಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವವರು. ಅಂಥ ಮನೆಗೆ ಈ ಭೇದವೇ ಎಲ್ಲಕ್ಕಿಂತ ಮುಖ್ಯ. ಈ ಓರೆನೋಟದ ತೊಂದರೆಯ ಪರಿಹಾರದಲ್ಲಿ ಕರ್ನಾಟಕದ ಪಾಲೂ ಇದೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಎಲ್‌ಸಿಡಿಯನ್ನು ಪಕ್ಕದಿಂದ ನೋಡಿದಾಗಲೂ ಚಿತ್ರ ಕೆಡದಂತೆ ಮಾಡುವ ತೆಳು ಹಾಳೆಗಳಲ್ಲಿ ಮುಂದೆ ಆ ಜಾತಿಯ ಅಣುಗಳೇ ಬಳಕೆಗೆ ಬಂದವು.

ಒಎಲ್‌ಇಡಿ ಮಾತ್ರ ನಿಜವಾಗಿ ಬೇರೆ ಜಾತಿ. ಇಲ್ಲಿ ಹಿಂಬೆಳಕೇ ಇಲ್ಲ. ಚಿತ್ರವನ್ನು ಕಟ್ಟುವ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ತಾನೇ ಆರುತ್ತದೆ. ಸೋನಿ ಕಂಪನಿ 2007ರಲ್ಲಿ ಮೊದಲ ಬಾರಿಗೆ 11 ಇಂಚಿನ ಇಂಥ ಟಿವಿಯನ್ನು ಮಾರುಕಟ್ಟೆಗೆ ತಂದಿತು. 2013ರಲ್ಲಿ ಎಲ್‌ಜಿಯ 55 ಇಂಚಿನದು ಬಂತು. ಕತ್ತಲ ಕೋಣೆಯಲ್ಲಿ ಇದರ ಚಿತ್ರಕ್ಕೆ ಸಮನಾದದ್ದು ಸಾಮಾನ್ಯರು ಕೊಳ್ಳಬಹುದಾದ ಟಿವಿಗಳಲ್ಲಿ ಇನ್ನೊಂದಿಲ್ಲ, ಓರೆಯಿಂದ ನೋಡಿದರೂ ಕೆಡುವುದಿಲ್ಲ. ಹಾಗಿದ್ದೂ ನಮ್ಮ ಜಿಲ್ಲೆಯ ಹೆಚ್ಚಿನ ಮನೆಗಳಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಅದಕ್ಕೆ ಬೆಲೆಯೊಂದೇ ಕಾರಣವಲ್ಲ.

ಬೆಳಗುವ ಚುಕ್ಕೆಗಳು ಸಾವಯವ ವಸ್ತುವಿನಿಂದ ಆದವು. ಉರಿದಷ್ಟೂ ಸವೆಯುತ್ತವೆ, ಹೆಚ್ಚು ಉರಿದ ಜಾಗ ಹೆಚ್ಚು ಸವೆಯುತ್ತದೆ. ಕನ್ನಡದ ಸುದ್ದಿವಾಹಿನಿಗಳನ್ನು ಒಮ್ಮೆ ಗಮನಿಸಿ: ಮೂಲೆಯಲ್ಲಿ ಲಾಂಛನ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಹಳದಿ ಪಟ್ಟಿ, ಪಕ್ಕದಲ್ಲಿ ಇನ್ನೊಂದು ಚೌಕ, ಎಲ್ಲವೂ ಬೆಳಗಿನಿಂದ ರಾತ್ರಿಯವರೆಗೆ ಇದ್ದ ಜಾಗದಲ್ಲೇ. ಹಿರಿಯರಿರುವ ಮನೆಗಳಲ್ಲಿ ಒಂದೇ ವಾಹಿನಿ ದಿನವಿಡೀ ಓಡುವುದು ಮಾಮೂಲು. ಅಂಥ ಮನೆಯಲ್ಲಿ ವರ್ಷಗಳು ಕಳೆದಂತೆ ಆ ಪಟ್ಟಿಗಳ ಗುರುತು ಪರದೆಯಲ್ಲೇ ಉಳಿದುಬಿಡಬಹುದು. ಇದನ್ನು ತಡೆಯಲು ಕಂಪನಿಗಳು ಒಳಗೇ ಒಂದು ವ್ಯವಸ್ಥೆ ಇಟ್ಟಿವೆ. ಕೆಲವು ಗಂಟೆ ಓಡಿದ ಟಿವಿಯನ್ನು ರಿಮೋಟ್‌ನಿಂದ ಆರಿಸಿದ ಮೇಲೆ ಅದು ಕೆಲವು ನಿಮಿಷ ತಾನಾಗಿಯೇ ಚುಕ್ಕೆಗಳ ಸವೆತವನ್ನು ಅಳೆದು ಸರಿದೂಗಿಸಿಕೊಳ್ಳುತ್ತದೆ. ಆದರೆ ಆಗ ಗೋಡೆಯ ಸ್ವಿಚ್ಚು ಹಾಕಿಯೇ ಇರಬೇಕು. ಇಲ್ಲಿಯೇ ಮಲೆನಾಡಿನ ತೊಡಕು. ಕಾಫಿಯ ಹೂಮಳೆಯ ಕಾಲದಿಂದಲೇ ಗುಡುಗು ಸಿಡಿಲು ಶುರುವಾಗುವ ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರಿನ ಕಡೆ ದೂರದಲ್ಲಿ ಒಂದು ಗುಡುಗು ಕೇಳಿದರೂ ಮನೆಯವರು ಮೊದಲು ಮಾಡುವ ಕೆಲಸ ಟಿವಿಯ ಪ್ಲಗ್ಗನ್ನೂ ಡಿಶ್ಶಿನ ವೈರನ್ನೂ ಕಿತ್ತಿಡುವುದು, ಮತ್ತು ಹಾಗೆ ಮಾಡುವುದೇ ಸರಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರಂತೂ ಕಿತ್ತಿಡುವ ಮಾತೇ ಇಲ್ಲ. ಹೀಗೆ ದಿನದಿನವೂ ಆ ವ್ಯವಸ್ಥೆಗೆ ಅಡ್ಡಿಯಾಗುವ ಮನೆಯಲ್ಲಿ ಒಎಲ್‌ಇಡಿಯ ಆಯುಷ್ಯವನ್ನು ನೆಚ್ಚುವುದು ಕಷ್ಟ. ಈ ಒಂದು ಮಾತನ್ನು ಮಾರುವವರು ಹೇಳಿದ್ದನ್ನು ನಾನು ಕೇಳಿಲ್ಲ. ರಾತ್ರಿ ದೀಪವಾರಿಸಿ ಸಿನಿಮಾ ನೋಡುವ ಆಸಕ್ತಿ ಇದ್ದು, ಇನ್ವರ್ಟರೂ ಇದ್ದು, ಸುದ್ದಿಗೆ ಬೇರೊಂದು ಸಣ್ಣ ಟಿವಿ ಇರುವವರು ಧಾರಾಳವಾಗಿ ಕೊಳ್ಳಲಿ.

ಮನೆಯೊಳಗಿನ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪರದೆ ಆರಿಸಲಾಗದು. ಕಡೂರು, ತರೀಕೆರೆಯ ಬಯಲು ಕಡೆ ಹಗಲು ಹೊತ್ತು ಬಾಗಿಲು ಕಿಟಕಿ ತೆರೆದಿಟ್ಟ ಹಾಲ್‌ನಲ್ಲಿ ಬಿಸಿಲಿನ ಪ್ರತಿಫಲನ ಪರದೆಯ ಮೇಲೆ ಬೀಳುತ್ತದೆ. ಅಲ್ಲಿಗೆ ಕಪ್ಪಿಗಿಂತ ಪ್ರಕಾಶ ಮುಖ್ಯ. ಪ್ರಕಾಶವನ್ನು ನಿಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಗ್ಗದ ಎಲ್‌ಇಡಿ ಟಿವಿಗಳು 250ರಿಂದ 350 ನಿಟ್ಸ್ ಕೊಟ್ಟರೆ, ಒಳ್ಳೆಯ ಮಿನಿ ಎಲ್‌ಇಡಿ ಸಾವಿರವನ್ನೂ ದಾಟುತ್ತದೆ. ಕೊಪ್ಪ, ಶೃಂಗೇರಿಯ ತೊಟ್ಟಿಮನೆಗಳ ಒಳಕೋಣೆಯಲ್ಲಿ, ಜುಲೈ ತಿಂಗಳ ಮೋಡದಲ್ಲಿ, ಮಧ್ಯಾಹ್ನಕ್ಕೇ ಲೈಟು ಹಾಕುವ ಕಡೆ ಅಷ್ಟು ಪ್ರಕಾಶ ಬೇಕಿಲ್ಲ. ಅಲ್ಲಿ ಒಳ್ಳೆಯ ವಿಎ ಪ್ಯಾನೆಲ್ಲಿನ ಸಾಧಾರಣ ಎಲ್‌ಇಡಿಯೇ ಸಾಕಷ್ಟು ತೃಪ್ತಿ ಕೊಡುತ್ತದೆ. ಒಂದೇ ಜಿಲ್ಲೆಯ ಎರಡು ಮನೆಗಳಿಗೆ ಎರಡು ಬಗೆಯ ಟಿವಿ ಸರಿಹೋಗುತ್ತದೆ ಎಂದ ಮೇಲೆ, ಒಂದನ್ನೇ ಎಲ್ಲರಿಗೂ ಉತ್ತಮ ಎಂದು ಮಾರುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ ಕಾಣುವ ಚಿತ್ರವನ್ನು ನಂಬಿ ತೀರ್ಮಾನ ಮಾಡುವುದೂ ಸಲ್ಲದು. ಎಂ.ಜಿ. ರಸ್ತೆಯ ಒಂದು ಮಳಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಾರಾಟದ ಹುಡುಗ ಸಾಲಾಗಿ ನಿಲ್ಲಿಸಿದ ಟಿವಿಗಳನ್ನು ತೋರಿಸುತ್ತ, "ಇದು ಕ್ಯೂಎಲ್‌ಇಡಿ ಅಮ್ಮಾ, ಅದು ಬರೀ ಎಲ್‌ಇಡಿ, ನೀವೇ ನೋಡಿ" ಎಂದ. ಕೊಳ್ಳಲು ಬಂದಿದ್ದ ಹಿರಿಯ ಮಹಿಳೆ, "ನಮ್ಮನೇಲಿ ಈ ಹೂವು, ಮೀನು ಎಲ್ಲಾ ಬರಲ್ಲಪ್ಪ, ಚಂದನ ಹಾಕಿ ತೋರ್ಸು" ಎಂದರು. ಎರಡರಲ್ಲೂ ಚಂದನ ವಾಹಿನಿ ಹಾಕಿ, ರಿಮೋಟ್‌ನಲ್ಲಿ ಚಿತ್ರದ ಹೊಂದಿಕೆಯನ್ನು (ಪಿಕ್ಚರ್ ಮೋಡ್) ಕಣ್ಣು ಕುಕ್ಕುವ ವಿವಿಡ್‌ನಿಂದ ಸಾಧಾರಣ ಸ್ಟ್ಯಾಂಡರ್ಡ್‌ಗೆ ಇಳಿಸಿದಾಗ ಎರಡು ಟಿವಿಗಳ ವ್ಯತ್ಯಾಸ ಬಹುಪಾಲು ಕರಗಿಹೋಯಿತು. ಆ ಮಹಿಳೆ ಕೇಳಿದ್ದು ಅತ್ಯಂತ ಸರಿಯಾದ ಪ್ರಶ್ನೆ. ಮಳಿಗೆಗಳಲ್ಲಿ ಓಡುವುದು ಅದಕ್ಕೆಂದೇ ಚಿತ್ರಿಸಿದ 4ಕೆ ದೃಶ್ಯ, ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳದ್ದು. ನಮ್ಮ ಮನೆಗಳಿಗೆ ಕೇಬಲ್ಲು, ಡಿಶ್ಶಿನಲ್ಲಿ ಬರುವ ಎಷ್ಟೋ ವಾಹಿನಿಗಳಿಗೆ ಅದರ ಹತ್ತನೇ ಒಂದು ಭಾಗದಷ್ಟೂ ಚುಕ್ಕೆಗಳಿರುವುದಿಲ್ಲ. ಕಡಿಮೆ ಚುಕ್ಕೆಗಳ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವ ಕೆಲಸವನ್ನು ಟಿವಿಯ ಒಳಗಿನ ಪ್ರೊಸೆಸರ್ ಮಾಡಬೇಕು, ಆ ಕೆಲಸದಲ್ಲಿ ಕಂಪನಿಯಿಂದ ಕಂಪನಿಗೆ ಬಹಳ ಅಂತರವಿದೆ. ಆದ್ದರಿಂದ ಕೊಳ್ಳುವ ಮೊದಲು ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ನಿಂತು, ಪಕ್ಕಕ್ಕೂ ಸರಿದು, ಒಂದು ಕತ್ತಲೆಯ ದೃಶ್ಯವನ್ನಾದರೂ ನೋಡಿ ನಿರ್ಧರಿಸಬೇಕು. ಇದಕ್ಕೆ ಒಪ್ಪದ ಅಂಗಡಿಯಿಂದ ಹೊರಬರುವುದೇ ಮೇಲು.

ರಿಪೇರಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಪ್ಯಾನೆಲ್ ಒಡೆದರೆ ಅಥವಾ ಕೆಟ್ಟರೆ ಅದನ್ನು ಬದಲಿಸುವ ಖರ್ಚು ಹಲವು ಸಲ ಹೊಸ ಟಿವಿಯ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಮಾಮೂಲಿ ಎಲ್‌ಇಡಿಯಲ್ಲಿ ಹಿಂಬೆಳಕಿನ ಪಟ್ಟಿ ಹೋದರೆ ಮಾತ್ರ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೇ ಕಡಿಮೆ ಖರ್ಚಿನಲ್ಲಿ ಹಾಕಿಕೊಡುತ್ತಾನೆ. ಪೇಟೆಯಿಂದ ದೂರವಿರುವವರು ಇದನ್ನು ತೂಗಿ ನೋಡಬೇಕು. ವೋಲ್ಟೇಜ್ ಏರಿಳಿತ ಇರುವ ಕಡೆ ಯಾವ ಬಗೆಯ ಪರದೆಯಾದರೂ ಸ್ಟೆಬಿಲೈಸರ್ ಇಲ್ಲದೆ ಹಾಕಬಾರದು.

ಇನ್ನು ನನ್ನ ಕೋರಿಕೆಗೆ ಬರುತ್ತೇನೆ. ಟಿವಿಯ ಮೇಲೆ ಇಂಧನ ದಕ್ಷತೆಯ ಸ್ಟಾರ್ ಚೀಟಿ ಅಂಟಿಸಿ, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ಬೇಕೆಂದು ಬರೆಯಲು ಸಾಧ್ಯವಾಗಿರುವಾಗ, ಪರದೆಯ ಬಗ್ಗೆ ಕನ್ನಡದಲ್ಲಿ ಒಂದೇ ಸಾಲು ಬರೆಯುವುದು ಅಸಾಧ್ಯವೇನಲ್ಲ. ಪರದೆ ಎಲ್‌ಸಿಡಿಯೋ ಒಎಲ್‌ಇಡಿಯೋ, ಎಲ್‌ಸಿಡಿಯಾದರೆ ಬಲ್ಬುಗಳು ಅಂಚಿನಲ್ಲಿವೆಯೋ ಹಿಂದೆಲ್ಲ ಹರಡಿವೆಯೋ, ಲೋಕಲ್ ಡಿಮ್ಮಿಂಗ್ ಇದ್ದರೆ ಎಷ್ಟು ಭಾಗ, ಪ್ಯಾನೆಲ್ ವಿಎಯೋ ಐಪಿಎಸ್ಸೋ, ಪ್ರಕಾಶ ಎಷ್ಟು ನಿಟ್ಸ್, ಇಷ್ಟು ತಿಳಿಸಿದರೆ ಸಾಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವ ವಸ್ತುವಿನ ಗುಣಮಟ್ಟವನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ, ದಾರಿ ತಪ್ಪಿಸುವ ಜಾಹೀರಾತನ್ನು ತಪ್ಪೆಂದೂ ಹೇಳಿದೆ. ನಮ್ಮ ಜಿಲ್ಲೆಯ ವರ್ತಕರು ಸರ್ಕಾರದ ಆದೇಶಕ್ಕೆ ಕಾಯದೆ ಈ ಸಾಲನ್ನು ಬೆಲೆಚೀಟಿಯಲ್ಲಿ ತಾವಾಗಿಯೇ ಸೇರಿಸಲಿ. ತಮ್ಮ ಪತ್ರಿಕೆಯೂ ಟಿವಿ ಜಾಹೀರಾತು ಸ್ವೀಕರಿಸುವಾಗ ಇಂಚಿನ ಪಕ್ಕದಲ್ಲಿ ಇದನ್ನು ಅಚ್ಚು ಹಾಕುವಂತೆ ಜಾಹೀರಾತುದಾರರನ್ನು ಕೇಳಲಿ. ಅಲ್ಲಿಯವರೆಗೆ ಕೊಳ್ಳುವವರು ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆಯನ್ನು ಪೂರ್ತಿಯಾಗಿ ಬರೆಸಿಕೊಳ್ಳಲಿ, ಪರದೆಯ ಮೇಲೆ ಉಳಿಯುವ ಗುರುತಿಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಲಿ. ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು